ಏಳು ಪಾಯಿಂಟಿಗೆ ಇಪ್ಪತ್ತು ರೂಪಾಯಿ

ಬರ್ರಿ, ಬರ್ರಿ. ಕನ್ನಡದಾಗ ಮಾತಾಡಿದ್ದು ಕಿವಿಗೆ ಬಿತ್ತು,
ಅದಕ್ಕ ಮರಾಠಿ ಬಿಟ್ಟೆ. ಯಾವೂರು? ಗದಗೇನು?
ನಮ್ಮದು ಇಂಡಿ ಕಡೆ. ಅಲ್ಲಿ ಗುಡ್ಡ ಅಂದ್ರ
ಕಣದಾಗಿನ ಜೋಳದ ರಾಶಿ, ಅಷ್ಟ.
ಈ ಖಂಡಾಳಕ್ಕ ಬಂದು ಹದಿನೆಂಟು ಮಳಿಗಾಲ.
ದುರ್ಬೀನಿಗೆ ಮೂರು ಕಾಲು, ಒಂದು ಕುಂಟು,
ಬುಡಕ್ಕ ಕಲ್ಲು ಕೊಟ್ಟೀನಿ. ಮುಟ್ಟಬ್ಯಾಡ ತಂಗಿ,
ಕಲ್ಲು ಸರಿದ್ರ ಕೋಟೆ ಸರೀತದ.

ಒಂದು, ಶ್ರೀವರ್ಧನ. ಎರಡು, ಮನರಂಜನ.
ಎರಡೂ ಕೂಡಿ ರಾಜಮಾಚಿ, ಒಂದ ಹೊಟ್ಟ್ಯಾಗ ಹುಟ್ಟಿದ ಗುಡ್ಡ.
ಬರೇ ಮಂಜು ಅಂತೀರಿ? ಮಂಜಿನ ಹಿಂದ ಕೋಟೆ ಐತಿ.
ನಾ ಸುಳ್ಳು ಹೇಳೂದಿಲ್ಲ,
ನಿನ್ನಿ ಇತ್ತು.

ಮೂರು, ನಾಗಫಣಿ. ನಮಗದು ಹೆಡಿ ಎತ್ತಿದ ಹಾವು,
ಬಿಳೇ ಸಾಹೇಬರಿಗೆ ಯಾವನೋ ಡ್ಯೂಕನ ಮೂಗು.
ಎರಡೂ ಆ ಕಲ್ಲಿಗೆ ಗೊತ್ತಿಲ್ಲ.
ನಾಕು, ಕುಣೆ ಅಬ್ಬಿ. ಕಾಣದಿದ್ರ ಕಿವಿ ಹಚ್ಚರಿ,
ಕಿವಿಗೆ ರೊಕ್ಕ ಇಲ್ಲ.
ಐದು, ಎಕ್ಸ್‌ಪ್ರೆಸ್ ಹೈವೇ. ನಗಬ್ಯಾಡ್ರಿ ಸಾಹೇಬ್ರ,
ಮುಂಬೈದವರು ತಾವು ಬಂದ ರಸ್ತಾನ
ರೊಕ್ಕ ಕೊಟ್ಟು ಮತ್ತೊಮ್ಮೆ ನೋಡ್ತಾರ,
ಅದರಾಗ ತಮ್ಮ ಗಾಡಿ ಹುಡುಕ್ತಾರ.
ಆರು, ರೈಲು. ಸುರಂಗದಿಂದ ಜರಿ ಹೊಂಟಂಗ ಹೊಂಡ್ತದ.
ಅದರ ಬೆನ್ನಿಗೊಂದು ಎಂಜಿನ್ನು, ಕರ್ಜತದಿಂದ ನೂಕ್ಕೋತ ಬಂದು
ಘಾಟು ಏರಿಸಿ, ಲೋಣಾವಳಾದಾಗ ಕಳಚಿಕೊಂಡು
ಯಾರಿಗೂ ಹೇಳದ ಕೆಳಗ ಇಳೀತದ.
ಫೋಟೋ ಎಲ್ಲಾರೂ ಮುಂದಿಂದ ತಗೀತಾರ.

ಏಳನೇದಕ್ಕ ಬೋರ್ಡಿನ್ಯಾಗ ‘ಕಣಿವಿ’ ಅಂತ ಬರಿಸೀನಿ.
ಖರೇ ಹೇಳಲಿ? ಆರಕ್ಕ ಮುಗೀತಿತ್ತು.
ದಗಡೂ, ಅಲ್ಲಿ ಮೆಕ್ಕಿತೆನಿ ಸುಡಾಂವ,
ಆರಕ್ಕ ಇಪ್ಪತ್ತು ಯಾರು ಕೊಡ್ತಾರೋ ಅಂದ.
ಅದಕ್ಕ ಕೆಳಗ ನಮ್ಮ ಮನಿ ಸೇರಿಸಿದೆ:
ತಗಡಿನ ಮಾಳಿಗಿ, ನೀಲಿ ತಾಡಪಾಲು, ಒಂದು ಪೇರಲ ಗಿಡ,
ಗಿಡದಿಂದ ಕಂಬಕ್ಕ ಅರಿವಿ ಹಗ್ಗ.

ಫೋನು ಆ ತಗ್ಗಿನ್ಯಾಗ ಹತ್ತೂದಿಲ್ಲ.
ಅದಕ್ಕ ಶಾವಂತ್ರಿ ಹಗ್ಗದ ಮ್ಯಾಲ ಮಾತಾಡ್ತಾಳ.
ಹಳದಿ ಕುಪ್ಪಸ ಹಾಕಿದ್ರ ಎಣ್ಣಿ ತೀರೇತಿ.
ನನ್ನ ಚೌಕಳಿ ಲುಂಗಿ, ಬೀಗರು ಬಂದಾರ.
ಹಸರು ಸೀರಿ ಅಂದ್ರ ಏನೂ ಇಲ್ಲ, ಚಲೋ ಐತಿ,
ಬುತ್ತಿ ಉಣ್ಣು.
ಒಮ್ಮೆ ಸಿಟ್ಟಿಗೆದ್ದು ನನ್ನ ಅಂಗಿಗಳನ್ನ ಎಲ್ಲಾ
ತೋಳು ಕೆಳಗ ಮಾಡಿ ನೇತು ಹಾಕಿದ್ಲು.
ಪುಣೆದ ಮಾಸ್ತರೊಬ್ರು ನೋಡಿ, ಯಾರದೋ ಮನಿ
ಎಷ್ಟು ನೆಮ್ಮದಿ ಐತಿ ನೋಡು ಅಂದ್ರು.

ಇವತ್ತು ಮುಂಜಾನಿಂದ ಏನೂ ಓದಾಕ ಬಂದಿಲ್ಲ.
ಮಂಜು, ಮಂಜು.

ಏನಂದಿ ತಂಗಿ? ಮನಿ ಕಾಣ್ತದ?
ಅಲ್ಲಾಡಬ್ಯಾಡ! ಮೊಸರಿನ್ಯಾಗ ಬೆರಳು ಆಡಿಸಿದಂಗ
ಈಗ ಒಡದದ, ಈಗ ಮುಚ್ಚತದ,
ನಾ ಕಣ್ಣು ಹಚ್ಚೂದ್ರಾಗ ಹೋಗಿರ್ತದ.
ನೀನ ಹೇಳು. ಹಗ್ಗದ ಮ್ಯಾಲ ಯಾವ ಬಣ್ಣ?

‘ಯಾವುದೂ ಇಲ್ಲ. ಬರೇ ಹಗ್ಗ.’

ಬರೇ ಹಗ್ಗ.
ಹದಿನೆಂಟು ವರ್ಷದಾಗ ಬರೇ ಹಗ್ಗಕ್ಕ
ನಾವು ಅರ್ಥ ಇಟ್ಟಿಲ್ಲ.

ಇನ್ನೊಮ್ಮೆ ನೋಡವ್ವ, ನಿನ್ನ ಕೈ ಮುಗೀತೀನಿ,
ಚಿಮಟಿಗಿ ಅದಾವೇನು? ಅರಿವಿಗೆ ಸಿಗಿಸ್ತಾರಲ್ಲ, ಅವು?

‘ಅದಾವ. ಸಾಲಾಗಿ, ಗುಬ್ಬಿ ಕುಂತಂಗ.
ಒಂದು ತಲಿಕೆಳಗ ಜೋತಾಡಾಕತ್ತೇತಿ.’

ಹಂಗಾದ್ರ ಓಡ್ರಿ! ಅರಿವಿ ಜಗ್ಗಿ ಒಳಗ ಹೋಗ್ಯಾಳ,
ಚಿಮಟಿಗಿ ಬಿಡಿಸಾಕೂ ಪುರಸೊತ್ತಿಲ್ಲ ಆಕಿಗೆ.
ಈ ಘಾಟಿನ್ಯಾಗ ಮಳಿ ಮ್ಯಾಲಿಂದ ಬರೂದಿಲ್ರಿ,
ಕೊಂಕಣದಿಂದ ಏರಿಕೊಂಡು ಬರ್ತದ,
ಮೊದಲು ಆಕಿ ಬಾಗಲಾ ಬಡದು
ಆಮ್ಯಾಲ ನಮ್ಮ ನೆತ್ತಿ.
ದಗಡೂ, ಇದ್ದಲಿ ಮುಚ್ಚೋ!

ತಗೋರಿ ಸಾಹೇಬ್ರ, ಹತ್ತು ವಾಪಸ್.
ಏಳನೇದು ನಿಮ್ಮ ಮಗಳು ನನಗ ತೋರಿಸ್ಯಾಳ.
ಕೊಡಿ? ಆ ಕೊಡಿ ಕೇಳಬ್ಯಾಡ್ರಿ,
ಅದು ದುರ್ಬೀನಿಂದು.